ಮಾಲ್ಟಾದಲ್ಲಿ ಆರು ದಿನ: 249ನೇ ಸ್ಕ್ವಾಡ್ರನ್ ಇದ್ದ ನೆಲ

ಮೊದಲ ದಿನ, ಲೂಕಾ

ಇಳಿಯುವ ಮುಂಚೆ ವಿಮಾನ ಒಂದು ಸುತ್ತು ಹಾಕಿತು. ಅಷ್ಟರಲ್ಲೇ ಇಡೀ ದ್ವೀಪ ಕಣ್ಣಿಗೆ ಬಿತ್ತು. ಉದ್ದ 27 ಕಿಲೋಮೀಟರ್, ಅಗಲ ಹದಿನಾಲ್ಕು ಹದಿನೈದು. ನಮ್ಮ ಹಾಸನ ತಾಲ್ಲೂಕಿನೊಳಗೆ ಇಂಥ ಎರಡು ದ್ವೀಪ ಸಲೀಸಾಗಿ ಹಿಡಿಸುತ್ತವೆ. ಸುತ್ತ ನೀಲಿ ಸಮುದ್ರ, ನಡುವೆ ಬೆಲ್ಲದಚ್ಚಿನ ಬಣ್ಣದ ಕಲ್ಲುಮನೆಗಳು, ಅಲ್ಲಲ್ಲಿ ಚರ್ಚಿನ ಗುಮ್ಮಟ. 1942ರಲ್ಲಿ ವಿಮಾನವಾಹಕ ಹಡಗಿನಿಂದ ಹಾರಿ ಬಂದ ಹುಡುಗರಿಗೂ ಹೀಗೇ ಕಂಡಿರಬೇಕು. ಅವರು ನಾಲ್ಕು ಗಂಟೆಗೆ ಹತ್ತಿರ ಬರೀ ನೀರಿನ ಮೇಲೆ ಹಾರಿ ಬಂದಿದ್ದರು. ದಾರಿ ತಪ್ಪಿದರೆ ಇಳಿಯಲು ಬೇರೆ ಜಾಗವಿರಲಿಲ್ಲ.

ತಂಗಿಯ ಮಗಳು ಇಲ್ಲಿ ನರ್ಸ್. "ಮಾವ, ಒಂದ್ಸಲ ಬಂದು ಹೋಗಿ" ಅಂತ ಎರಡು ವರ್ಷದಿಂದ ಕರೆಯುತ್ತಿದ್ದಳು. ನಾನು ಬಂದದ್ದು ಅವಳನ್ನು ನೋಡುವುದಕ್ಕೆ, ಜೊತೆಗೆ ತಕಾಲಿಯನ್ನು ನೋಡುವುದಕ್ಕೆ, ಅಂದರೆ ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷ್ ವಾಯುಪಡೆಯ 249ನೇ ಸ್ಕ್ವಾಡ್ರನ್ ಎಂಬ ಫೈಟರ್ ವಿಮಾನಗಳ ತಂಡ ಇದ್ದ ವಾಯುನೆಲೆಯನ್ನು. ನಮ್ಮ ವಾಯುಪಡೆಯಲ್ಲಿ ಇಂಜಿನ್ ಫಿಟ್ಟರ್ ಆಗಿ ಸೇರಿ, ಸಾಂಬ್ರಾದಲ್ಲಿ ಕವಾಯತು ಕಲಿತು, ಜಾಲಹಳ್ಳಿಯಲ್ಲಿ ಕೆಲಸ ಕಲಿತು, ಇಪ್ಪತ್ತಕ್ಕೂ ಹೆಚ್ಚು ವರ್ಷ ಬೇರೆಯವರು ಹಾರಿಸುವ ವಿಮಾನಗಳನ್ನು ಹಾರುವ ಸ್ಥಿತಿಯಲ್ಲಿ ಇಟ್ಟವನು ನಾನು. ಮಾಲ್ಟಾದ ಕಥೆ ಓದಿದಾಗಲೆಲ್ಲ ಪೈಲಟ್ಟುಗಳಿಗಿಂತ ಹೆಚ್ಚಾಗಿ ನೆನಪಿಗೆ ಬರುತ್ತಿದ್ದವರು ನೆಲದ ಮೇಲೆ ನಿಂತವರು.

ಈಗಿನ ಅಂತರರಾಷ್ಟ್ರೀಯ ವಿಮಾನ ನಿಲ್ದಾಣವೇ ಅಂದಿನ ಲೂಕಾ ವಾಯುನೆಲೆ. ಬಾಂಬರುಗಳ ಮುಖ್ಯ ನೆಲೆ ಇದು. ಫೈಟರುಗಳದ್ದು ಒಳನಾಡಿನ ತಕಾಲಿ, ಸಮುದ್ರದ ಅಂಚಿನಲ್ಲಿ ಹಾಲ್ ಫಾರ್. ಬ್ರಿಟಿಷರು 'ತಕಾಲಿ' ಅಂದದ್ದನ್ನು ಊರಿನವರು 'ತಾ ಆಲಿ' ಅನ್ನುತ್ತಾರೆ. ಬರೆಯುವ ಅಕ್ಷರ ಒಂದು, ಗಂಟಲಲ್ಲಿ ನುಂಗುವ ಸದ್ದು ಇನ್ನೊಂದು. ನಾನು ಏರ್‌ಮನ್‌ಗಳ ಬಾಯಲ್ಲಿದ್ದ ಹೆಸರನ್ನೇ ಬಳಸುತ್ತೇನೆ.

ಎರಡನೇ ದಿನ, ವಲೆಟ್ಟಾ

ಬಸ್ಸು ಟ್ರೈಟನ್ ಕಾರಂಜಿಯ ಹತ್ತಿರ ಇಳಿಸಿತು. ಅಲ್ಲೇ ಫ್ಲೋರಿಯಾನಾದ ಕಡೆ ಎತ್ತರದ ಕಂಬವೊಂದು, ಅದರ ತುದಿಯಲ್ಲಿ ಚಿನ್ನದ ಬಣ್ಣದ ಗರುಡ. ಮೆಡಿಟರೇನಿಯನ್ ಸುತ್ತಿನ ಯುದ್ಧದಲ್ಲಿ ಹಾರಿಹೋಗಿ, ಸಮಾಧಿಯೂ ಸಿಗದೆ ಹೋದ ಕಾಮನ್‌ವೆಲ್ತ್ ವಾಯುಪಡೆಗಳ ಸುಮಾರು 2,300 ಜನರ ಹೆಸರು ಅದರ ಬುಡದಲ್ಲಿವೆ. 1954ರ ಮೇ ತಿಂಗಳಲ್ಲಿ ಎಲಿಜಬೆತ್ ರಾಣಿ ಅನಾವರಣ ಮಾಡಿದ್ದು.

ನಾನು ಹುಡುಕಿದ್ದು ಜೆರಾಲ್ಡ್ ಸ್ಮಿತ್ ಎಂಬ ಕೆನಡಾದ ಹುಡುಗನ ಹೆಸರು. 1942ರ ಮೇ 9ರಂದು ಅಮೆರಿಕದ 'ವಾಸ್ಪ್' ಹಡಗಿನಿಂದ ಹಾರಿದ ಮೇಲೆ ಅವನ ಹೆಚ್ಚುವರಿ ಟ್ಯಾಂಕಿನಿಂದ ಪೆಟ್ರೋಲ್ ಬರಲೇ ಇಲ್ಲ. ಅದಿಲ್ಲದೆ ಮಾಲ್ಟಾ ಮುಟ್ಟಲು ಸಾಧ್ಯವಿರಲಿಲ್ಲ. ಅವನ ಸ್ಪಿಟ್‌ಫೈರ್ ಫೈಟರಿಗೆ, ಇಳಿದಾಗ ತಡೆದು ನಿಲ್ಲಿಸಲು ಹಡಗಿನ ಹಗ್ಗಕ್ಕೆ ಸಿಕ್ಕಿಸುವ ಕೊಕ್ಕೆ ಇರಲಿಲ್ಲ. ಆದರೂ ಅವನು ತಿರುಗಿ ಅದೇ ಹಡಗಿನ ಮೇಲೆ ಇಳಿಸಿದ. ಚಕ್ರ ನಿಂತದ್ದು ಡೆಕ್ಕಿನ ಅಂಚಿಗೆ ಕೆಲವೇ ಅಡಿ ಇರುವಾಗ. ಆಮೇಲೆ ಮಾಲ್ಟಾಕ್ಕೆ ಬಂದು ಹೋರಾಡಿ, ಆಗಸ್ಟಿನಲ್ಲಿ ಸಮುದ್ರದ ಮೇಲೆ ಕಾಣೆಯಾದ. ತಣ್ಣನೆ ಕಂಚಿನ ಮೇಲೆ ಬೆರಳಾಡಿಸುತ್ತಾ ಬಹಳ ಹೊತ್ತು ನಿಂತಿದ್ದೆ. ಇಲ್ಲಿರುವುದು ಹಾರುವ ಸಿಬ್ಬಂದಿಯ ಹೆಸರುಗಳು. ನನ್ನ ಕಸುಬಿನವರನ್ನು ಬೇರೆಡೆ ಹುಡುಕಬೇಕು ಅಂತ ಆಗಲೇ ತೀರ್ಮಾನಿಸಿದೆ.

ಮಧ್ಯಾಹ್ನ ಮೇಲಿನ ಬರಾಕ್ಕಾ ತೋಟದ ತೋಪು ಗುಂಡು ಹಾರಿಸಿದ ಮೇಲೆ, ಅದರ ಕೆಳಗೆ ಬಂಡೆ ಕೊರೆದು ಮಾಡಿದ ಲಾಸ್ಕಾರಿಸ್ ಯುದ್ಧಕೋಣೆಗಳಿಗೆ ಇಳಿದೆವು. ಒಂದು ದೊಡ್ಡ ಮೇಜು, ಅದರ ಮೇಲೆ ಸಿಸಿಲಿ ಮತ್ತು ಮಾಲ್ಟಾದ ನಕ್ಷೆ. ಶತ್ರು ವಿಮಾನಗಳ ಗುರುತನ್ನು ಉದ್ದನೆ ಕೋಲಿನಿಂದ ನಕ್ಷೆಯ ಮೇಲೆ ಸರಿಸುತ್ತಿದ್ದವರು ಹೆಂಗಸರು. ಅವರಲ್ಲಿ ಕ್ರಿಸ್ಟಿನಾ ರ‍್ಯಾಟ್‌ಕ್ಲಿಫ್ ಎಂಬಾಕೆ ಇಂಗ್ಲೆಂಡಿನಿಂದ ನೃತ್ಯಕ್ಕೆಂದು ಬಂದು ಯುದ್ಧದಲ್ಲಿ ಸಿಕ್ಕಿಕೊಂಡವಳು. ಸಿಸಿಲಿಯಿಂದ ಇಲ್ಲಿಗೆ ನೂರು ಕಿಲೋಮೀಟರ್ ಕೂಡ ಇಲ್ಲ. ಅಲ್ಲಿ ಜರ್ಮನ್ನರ ವಿಮಾನ ಮೇಲೇರಿದ್ದು ಇಲ್ಲಿ ಮೇಜಿನ ಮೇಲೆ ಕಂಡಾಗ, ಫೈಟರುಗಳನ್ನು ಮೇಲೇರಿಸಲು ಉಳಿಯುತ್ತಿದ್ದದ್ದು ಕೆಲವೇ ನಿಮಿಷ.

ಇಷ್ಟು ಚಿಕ್ಕ ಜಾಗಕ್ಕೆ ಅಷ್ಟು ಬಾಂಬು ಯಾಕೆ ಅಂತ ತಂಗಿಯ ಮಗಳು ಕೇಳಿದಳು. ಉತ್ತರ ಆ ನಕ್ಷೆಯಲ್ಲೇ ಇತ್ತು. ಇಟಲಿಯಿಂದ ಉತ್ತರ ಆಫ್ರಿಕಾಕ್ಕೆ, ಜರ್ಮನ್ ಸೇನಾಪತಿ ರೊಮೆಲ್‌ನ ಸೇನೆಗೆ ಪೆಟ್ರೋಲ್ ಮತ್ತು ಮದ್ದುಗುಂಡು ಸಾಗಿಸುವ ಹಡಗುಗಳ ದಾರಿಗೆ ಅಡ್ಡವಾಗಿ ಈ ದ್ವೀಪ ಕೂತಿದೆ. ಇಲ್ಲಿನ ವಿಮಾನಗಳು, ಜಲಾಂತರ್ಗಾಮಿಗಳು ಆ ಹಡಗುಗಳನ್ನು ಮುಳುಗಿಸುತ್ತಿದ್ದವು. ಹಾಗಾಗಿ ಮೊದಲು ದ್ವೀಪದ ಬಾಯಿ ಮುಚ್ಚಿಸಬೇಕಿತ್ತು. 1942ರ ಏಪ್ರಿಲ್ ಒಂದೇ ತಿಂಗಳಲ್ಲಿ ಇಲ್ಲಿ ಬಿದ್ದ ಬಾಂಬು 6,000 ಟನ್ನಿಗೂ ಹೆಚ್ಚು.

ಮೂರನೇ ದಿನ, ತಕಾಲಿ

ಇವತ್ತಿನ ದಿನಕ್ಕಾಗಿಯೇ ನಾನು ಇಷ್ಟು ದೂರ ಬಂದದ್ದು.

ರಬಾತ್ ಕಡೆಯ ಬಸ್ಸು ಹಿಡಿದು ಬೆಳಗ್ಗೆ ಒಂಬತ್ತಕ್ಕೆ ಇಳಿದೆವು. ವಾಯುನೆಲೆ ಈಗ ಇಲ್ಲ. ಅದರ ಮೇಲೆ ಫುಟ್ಬಾಲ್ ಕ್ರೀಡಾಂಗಣ, ಉದ್ಯಾನ, ಕುಶಲಕರ್ಮಿಗಳ ಅಂಗಡಿಸಾಲು ಬಂದಿವೆ. ಫೆಬ್ರವರಿ ಕೊನೆ, ಖಾಲಿ ಜಾಗದಲ್ಲೆಲ್ಲ ಹುಳಿಸೊಪ್ಪಿನ ಜಾತಿಯ ಹಳದಿ ಹೂ ಮೊಣಕಾಲೆತ್ತರ ಬೆಳೆದಿತ್ತು. ಸುತ್ತ ಸಮತಟ್ಟು, ಪಶ್ಚಿಮಕ್ಕೆ ದಿಬ್ಬದ ಮೇಲೆ ಮ್ದಿನಾದ ಕೋಟೆ. ಆ ಕೋಟೆಯನ್ನು ನೋಡಿಯೇ ಜಾಗದ ಅಂದಾಜು ಹಿಡಿದೆ. ಹಳೆ ಚಿತ್ರಗಳಲ್ಲಿ ಪ್ರತಿ ಸ್ಪಿಟ್‌ಫೈರಿನ ಹಿಂದೆಯೂ ಅದೇ ಗೆರೆ ಕಾಣುತ್ತದೆ.

249ನೇ ಸ್ಕ್ವಾಡ್ರನ್ ಇಲ್ಲಿಗೆ ಬಂದದ್ದು 1941ರ ಮೇ 21ರಂದು, 'ಆರ್ಕ್ ರಾಯಲ್' ಹಡಗಿನಿಂದ ಹರಿಕೇನ್ ವಿಮಾನಗಳಲ್ಲಿ. ಅದಕ್ಕೂ ಮುಂಚೆ ದ್ವೀಪವನ್ನು ಕಾದದ್ದು ಇಲ್ಲೇ ಹುಟ್ಟಿದ 261ನೇ ಸ್ಕ್ವಾಡ್ರನ್. ಅದೇ ಸಂಖ್ಯೆಯ ಸ್ಕ್ವಾಡ್ರನ್ ಮುಂದೆ ನಮ್ಮ ಕಡೆಗೆ ಬಂತು. 1942ರ ಏಪ್ರಿಲ್ 9ರಂದು ಜಪಾನಿನ ವಿಮಾನಗಳು ಟ್ರಿಂಕೋಮಲಿಯ ಮೇಲೆ ಬಂದಾಗ ಎದುರಿಸಿದ ಹರಿಕೇನುಗಳು ಅದರವೇ. ಅದೇ ಏಪ್ರಿಲ್ 9ರಂದು ಮಾಲ್ಟಾದಲ್ಲಿ ಏನಾಯಿತು ಅನ್ನುವುದನ್ನು ನಾಳೆಯ ದಿನಚರಿಯಲ್ಲಿ ಬರೆಯುತ್ತೇನೆ.

ಹರಿಕೇನುಗಳು ಜರ್ಮನ್ನರ ಹೊಸ ಮೆಸ್ಸರ್‌ಸ್ಮಿಟ್ಟುಗಳ ಮುಂದೆ ನಿಲ್ಲದಾದವು. 1942ರ ಮಾರ್ಚ್ 7ರಂದು 'ಈಗಲ್' ಹಡಗಿನಿಂದ 15 ಸ್ಪಿಟ್‌ಫೈರುಗಳು ಇಲ್ಲಿ ಬಂದಿಳಿದವು. ಅವು 249ರ ಪಾಲಿಗೆ ಬಂದವು.

ನೆಲೆಯ ಜಾಗದಲ್ಲೇ ವಾಯುಯಾನ ವಸ್ತುಸಂಗ್ರಹಾಲಯವಿದೆ. ಕಾಲಿಟ್ಟ ಕೂಡಲೇ ಎಣ್ಣೆ, ಬಣ್ಣ, ಹಳೆ ರಬ್ಬರಿನ ವಾಸನೆ. ಹ್ಯಾಂಗರಿನ ವಾಸನೆ ಎಲ್ಲ ದೇಶದಲ್ಲೂ ಒಂದೇ. ಒಂದು ಸ್ಪಿಟ್‌ಫೈರ್ ಇದೆ, ಮಾರ್ಕ್ ಒಂಬತ್ತು. ಯುದ್ಧ ಮುಗಿದ ಮೇಲೆ ಮುರಿದು ಮೂಲೆಗೆ ಬಿದ್ದಿದ್ದನ್ನು ಇಲ್ಲಿನ ಸ್ವಯಂಸೇವಕರು ವರ್ಷಗಟ್ಟಲೆ ಕೂತು ಜೋಡಿಸಿದ್ದಾರೆ. ಪಕ್ಕದ ಹರಿಕೇನ್ 1941ರ ಜುಲೈಯಲ್ಲಿ ಸಮುದ್ರಕ್ಕೆ ಬಿದ್ದು, 1995ರಲ್ಲಿ ಮೇಲೆ ಬಂದದ್ದು. ಅದರ ಹಳೆಯ ತಗಡೊಂದನ್ನು ಉಪ್ಪು ತಿಂದು ಜಲ್ಲಡಿ ಮಾಡಿತ್ತು. ಅಂಥದ್ದರಿಂದ ಇಂಥದ್ದು ಎದ್ದಿದೆ. ಕೆಲಸ ಮಾಡುತ್ತಿದ್ದ ಹಿರಿಯರೊಬ್ಬರು ನಾನು ಇಂಜಿನ್ ಮುಚ್ಚುವ ತಗಡಿನ ತಿರುಪುಗಳನ್ನು ನೋಡುತ್ತಿದ್ದ ರೀತಿ ಕಂಡು "ನೀವು ಫಿಟ್ಟರಾ?" ಅಂದರು. ಹೌದೆಂದೆ. ಹಗ್ಗದ ಬೇಲಿ ಎತ್ತಿ ಒಳಗೆ ಕರೆದರು.

ಸ್ಪಿಟ್‌ಫೈರಿನ ಮುಖ್ಯ ಪೆಟ್ರೋಲ್ ಟ್ಯಾಂಕು ಇಂಜಿನ್ನಿಗೂ ಪೈಲಟ್ಟಿಗೂ ನಡುವೆ ಇದೆ. ಮುಚ್ಚಳ ಮೇಲುಗಡೆ, ಗಾಜಿಗೆ ಸ್ವಲ್ಪ ಮುಂದೆ. ತುಂಬುವವನು ರೆಕ್ಕೆಯ ಬುಡದ ಮೇಲೆ ನಿಂತು, ಮೈ ಬಗ್ಗಿಸಿ ಸುರಿಯಬೇಕು. ಟ್ಯಾಂಕಿಗೆ 85 ಗ್ಯಾಲನ್. ತಕಾಲಿಯಲ್ಲಿ ಪೆಟ್ರೋಲ್ ಬರುತ್ತಿದ್ದದ್ದು ನಾಲ್ಕು ಗ್ಯಾಲನ್ನಿನ ತಗಡಿನ ಡಬ್ಬಗಳಲ್ಲಿ. ಅಂದರೆ ಖಾಲಿ ಟ್ಯಾಂಕು ತುಂಬಲು 21 ಡಬ್ಬಕ್ಕೂ ತುಸು ಹೆಚ್ಚು. ಒಂದೊಂದು ಹದಿನೆಂಟು ಲೀಟರು. ಒಬ್ಬ ಕೆಳಗಿನಿಂದ ಎತ್ತಿಕೊಡಬೇಕು, ಒಬ್ಬ ಲಾಳಿಕೆ ಹಿಡಿಯಬೇಕು. ಧೂಳು, ನೀರು ಹೋಗದಂತೆ ಲಾಳಿಕೆಗೆ ಮೆದು ಚರ್ಮದ ಸೋಸಣಿಗೆ. ಅವಸರ ಮಾಡಿದರೆ ಉಕ್ಕಿ ಬಿಸಿ ಇಂಜಿನ್ನಿನ ಕಡೆ ಹರಿಯುತ್ತದೆ. ನಿಧಾನ ಮಾಡಿದರೆ ಮೇಲಿನಿಂದ ಜರ್ಮನ್ನರು ಬರುತ್ತಾರೆ. ನಾನು ಆ ರೆಕ್ಕೆಯ ಪಕ್ಕ ನಿಂತು ಡಬ್ಬ ಎತ್ತುವಂತೆ ಕೈ ಮೇಲೆತ್ತಿ ನೋಡಿದೆ. ಭುಜಕ್ಕಿಂತ ಎತ್ತರ. ಇಪ್ಪತ್ತೊಂದು ಸಲ ಎತ್ತಿದ ತೋಳು ಏನು ಹೇಳುತ್ತದೆ ಅಂತ ನನಗೆ ಗೊತ್ತು.

ಹಿರಿಯರು ಒಂದು ಮರದ ಬೆಣೆ ತಂದು ನನ್ನ ಅಂಗೈಯಲ್ಲಿಟ್ಟರು. ಅವರೇ ಮಾದರಿಗೆ ಮಾಡಿದ್ದು. ಸ್ಪಿಟ್‌ಫೈರಿನ ಫ್ಲ್ಯಾಪಿಗೆ, ಅಂದರೆ ರೆಕ್ಕೆಯ ಹಿಂಬದಿಯಲ್ಲಿ ಕೆಳಗಿಳಿಯುವ ತಗಡಿಗೆ, ಎರಡೇ ಸ್ಥಿತಿ, ಪೂರ್ತಿ ಮೇಲೆ ಇಲ್ಲವೇ ಪೂರ್ತಿ ಕೆಳಗೆ. ಹಡಗಿನ ಗಿಡ್ಡ ಡೆಕ್ಕಿನಿಂದ ಏಳಲು ಎರಡೂ ಆಗದು, ನಡುವೆ ನಿಲ್ಲಬೇಕು. ಅದಕ್ಕೆ ಫ್ಲ್ಯಾಪನ್ನು ಇಳಿಸಿ, ಸಂದಿಗೆ ಈ ಬೆಣೆ ಇಟ್ಟು, ಮತ್ತೆ ಮೇಲೆತ್ತಿ ಕಚ್ಚಿಸುತ್ತಿದ್ದರು. ಗಾಳಿಗೆ ಏರಿದ ಮೇಲೆ ಪೈಲಟ್ ಫ್ಲ್ಯಾಪನ್ನು ಒಮ್ಮೆ ಪೂರ್ತಿ ಇಳಿಸುತ್ತಿದ್ದ. ಬೆಣೆ ಸಮುದ್ರಕ್ಕೆ ಬೀಳುತ್ತಿತ್ತು. ಒಬ್ಬ ಬಡಗಿ, ಒಬ್ಬ ಫಿಟ್ಟರ್ ಕೂತು ಯೋಚಿಸಿದ ಉಪಾಯ ಅಂತ ನೋಡಿದರೇ ತಿಳಿಯುತ್ತದೆ. ನಮ್ಮ ಊರಿನ ಗಾಡಿಯ ಅಚ್ಚಿಗೆ ಬಡಿಯುವ ಬೆಣೆಗೂ ಅದಕ್ಕೂ ವ್ಯತ್ಯಾಸವಿರಲಿಲ್ಲ.

ಈಗ 1942ರ ಎರಡು ದಿನಗಳ ವಿಷಯ, ಏಪ್ರಿಲ್ 20 ಮತ್ತು ಮೇ 9. ಏಪ್ರಿಲ್ 20ರಂದು 'ವಾಸ್ಪ್' ಹಡಗಿನಿಂದ 47 ಸ್ಪಿಟ್‌ಫೈರುಗಳು ಎದ್ದವು, 46 ಮಾಲ್ಟಾ ತಲುಪಿದವು. 249ಕ್ಕೆ ಜೊತೆಯಾಗಲು ಬಂದ 601 ಮತ್ತು 603ನೇ ಸ್ಕ್ವಾಡ್ರನ್‌ಗಳವು. ಸಿಸಿಲಿಯಲ್ಲಿದ್ದ ಜರ್ಮನ್ನರಿಗೆ ಇದು ಗೊತ್ತಾಗಿತ್ತು. ಇಳಿದ ವಿಮಾನಗಳಿಗೆ ಇಂಧನ ತುಂಬಿ, ಬಂದೂಕುಗಳನ್ನು ಸರಿಮಾಡಿ ಮತ್ತೆ ಏರಿಸುವ ಮುಂಚೆಯೇ ಬಾಂಬು ಬಿದ್ದವು. ಮರುದಿನ ಸಂಜೆಗೆ ಹಾರಲು ಯೋಗ್ಯವಾಗಿ ಉಳಿದದ್ದು ಇಪ್ಪತ್ತಕ್ಕೂ ಕಡಿಮೆ. ಸಾವಿರ ಕಿಲೋಮೀಟರ್ ನೀರು ದಾಟಿ ಬಂದ ವಿಮಾನಗಳು ನೆಲದ ಮೇಲೆ ನಿಂತಲ್ಲೇ ಸುಟ್ಟುಹೋದವು.

ಮುಂದಿನ ಹತ್ತೊಂಬತ್ತು ದಿನಗಳಲ್ಲಿ ಇಲ್ಲಿನವರು ಮಾಡಿದ್ದನ್ನು ನಾನು ಯಾವ ಆಕಾಶಯುದ್ಧಕ್ಕಿಂತಲೂ ಮೇಲಿಡುತ್ತೇನೆ. ವಿಮಾನ ನಿಲ್ಲಿಸಲು ಮೂರು ಕಡೆ ಗೋಡೆ ಕಟ್ಟಿದ ದೊಡ್ಡಿಗಳು ಮೊದಲೇ ಇದ್ದವು. ಬಿದ್ದ ಮನೆಗಳ ಕಲ್ಲು, ಮಣ್ಣು ತುಂಬಿದ ಅದೇ ಖಾಲಿ ಪೆಟ್ರೋಲ್ ಡಬ್ಬಗಳು. ಕಾಲಾಳು ಸೈನಿಕರು, ಏರ್‌ಮನ್‌ಗಳು, ಊರಿನವರು ಸೇರಿ ಕಟ್ಟಿದ್ದು. ಈಗ ಪ್ರತಿ ದೊಡ್ಡಿಯಲ್ಲೂ ಪೆಟ್ರೋಲ್ ಡಬ್ಬ, ಎಣ್ಣೆ, ಗುಂಡುಗಳನ್ನು ಮುಂಚಿತವಾಗಿ ಇಟ್ಟರು. ಪ್ರತಿ ವಿಮಾನಕ್ಕೂ ಒಂದು ಸಂಖ್ಯೆ, ಆ ಸಂಖ್ಯೆಗೆ ಒಂದು ದೊಡ್ಡಿ, ಇಳಿದ ವಿಮಾನವನ್ನು ಅಲ್ಲಿಗೆ ಕರೆದೊಯ್ಯಲು ಒಬ್ಬ ಮನುಷ್ಯ, ಅಲ್ಲಿ ಕಾಯುವ ಒಂದು ತಂಡ. ಮಾಲ್ಟಾದ ಆಕಾಶ ತಿಳಿದ ಹಳೆ ಪೈಲಟ್ಟು ಕೂಡ ಅಲ್ಲೇ ಸಿದ್ಧ. ಬಂದವನು ಇಳಿಯುತ್ತಿದ್ದಂತೆ ಇವನು ಹತ್ತಿ ಕೂರುತ್ತಿದ್ದ.

ಮೇ 9ರಂದು 'ವಾಸ್ಪ್' ಮತ್ತು 'ಈಗಲ್' ಎರಡೂ ಹಡಗುಗಳಿಂದ 64 ಸ್ಪಿಟ್‌ಫೈರುಗಳು ಹೊರಟು, ಅರವತ್ತರಷ್ಟು ಬಂದು ತಲುಪಿದವು. ಈ ಸಲ ಚಕ್ರ ನಿಂತದ್ದರಿಂದ ಮತ್ತೆ ಏಳಲು ಸಿದ್ಧವಾಗುವವರೆಗೆ ಹಿಡಿದದ್ದು ಹತ್ತು ನಿಮಿಷ, ಕೆಲವಕ್ಕೆ ಅದಕ್ಕೂ ಕಡಿಮೆ. ಜರ್ಮನ್ನರು ಎಂದಿನಂತೆ ಬಂದಾಗ ವಿಮಾನಗಳು ನೆಲದ ಮೇಲಿರಲಿಲ್ಲ, ಅವರ ತಲೆಯ ಮೇಲಿದ್ದವು. ಮರುದಿನ ಮೇ 10ರಂದು 'ವೆಲ್ಷ್‌ಮನ್' ಎಂಬ ವೇಗದ ಹಡಗು ವಿಮಾನವಿರೋಧಿ ತೋಪುಗಳಿಗೆ ಗುಂಡು ತುಂಬಿಕೊಂಡು ಬಂದು, ಹೊಗೆಯ ಮರೆಯಲ್ಲಿ ಸರಕು ಇಳಿಸಿತು. ಆ ದಿನದಿಂದ ಮಾಲ್ಟಾದ ಆಕಾಶದ ಲೆಕ್ಕ ಬದಲಾಯಿತು.

1999ರ ಬೇಸಿಗೆಯಲ್ಲಿ ಉತ್ತರದ ಒಂದು ನೆಲೆಯಲ್ಲಿ ನಾನೂ ಗಡಿಯಾರ ನೋಡಿಕೊಂಡು ವಿಮಾನ ತಿರುಗಿ ಏರಿಸಿದ್ದೇನೆ. ನಮಗೆ ಪೆಟ್ರೋಲ್ ತುಂಬುವ ಬೌಸರ್ ಲಾರಿ ಇತ್ತು, ಕೊಳವೆ ಇತ್ತು, ತಲೆ ಮೇಲೆ ಬಾಂಬು ಇರಲಿಲ್ಲ, ಹೊಟ್ಟೆಗೆ ರೊಟ್ಟಿ, ದಾಲ್ ಇತ್ತು. ಇಲ್ಲಿನವರಿಗೆ ಅದೊಂದೂ ಇರಲಿಲ್ಲ. ಹಾಗಿದ್ದೂ ಹತ್ತು ನಿಮಿಷ. ಇದನ್ನು ತಂಗಿಯ ಮಗಳಿಗೆ ಹೇಳುವಾಗ ನನ್ನ ದನಿ ಕಟ್ಟಿತು. ಅವಳು ನೀರಿನ ಬಾಟಲಿ ಕೈಗಿಟ್ಟು, ಬೆಣೆಯನ್ನು ತಾನು ತೆಗೆದುಕೊಂಡು ತಿರುಗಿಸಿ ತಿರುಗಿಸಿ ನೋಡಿದಳು.

ನಾಲ್ಕನೇ ದಿನ, ಮ್ದಿನಾ ಮತ್ತು ಮೊಸ್ತಾ

ಮ್ದಿನಾ ಗೋಡೆಯೊಳಗಿನ ಪುಟ್ಟ ಊರು. ವಾಹನಗಳ ಸದ್ದಿಲ್ಲ, ಹೆಜ್ಜೆಯ ಸದ್ದು ಗೋಡೆಯಿಂದ ಗೋಡೆಗೆ ಹೋಗುತ್ತದೆ. ಇಲ್ಲಿನ ಶಾರಾ ಅರಮನೆ ಅಂದು 249ರ ಪೈಲಟ್ಟುಗಳ ಮೆಸ್ಸು, ಈಗ ದುಬಾರಿ ಹೋಟೆಲು. ಕೋಟೆಯ ಮೇಲೆ ನಿಂತರೆ ನಿನ್ನೆ ನೋಡಿದ ತಕಾಲಿ ಅಂಗೈಯಷ್ಟು ಸ್ಪಷ್ಟ. ರಜೆಯ ದಿನವೂ ಅವರು ಇಲ್ಲಿಂದ ತಮ್ಮ ನೆಲೆಯ ಮೇಲೆ ಬಾಂಬು ಬೀಳುವುದನ್ನು ನೋಡುತ್ತಿದ್ದರು. ಸ್ಟ್ಯಾನ್ ಗ್ರಾಂಟ್, ಲ್ಯಾಡಿ ಲ್ಯೂಕಸ್‌ರಂಥ ಮುಂದಾಳುಗಳು, ಸುಮಾರು 27 ವಿಮಾನ ಕೆಡವಿದ ಕೆನಡಾದ ಜಾರ್ಜ್ ಬ್ಯೂರ್ಲಿಂಗ್, ಎಲ್ಲರೂ ಈ ಮೆಟ್ಟಿಲು ಹತ್ತಿ ಇಳಿದವರು. ಬಹುತೇಕರಿಗೆ ಇಪ್ಪತ್ತರ ಆಸುಪಾಸಿನ ವಯಸ್ಸು. 1942ರ ಮಾರ್ಚ್ 21ರಂದು ಪಕ್ಕದ ರಬಾತ್‌ನಲ್ಲಿ ಪಾಯಿಂಟ್ ದ ವ್ಯೂ ಹೋಟೆಲಿನ ಮೇಲೆ ಬಾಂಬು ಬಿದ್ದು, ಅಲ್ಲಿ ಇಳಿದುಕೊಂಡಿದ್ದ ಅಧಿಕಾರಿಗಳು ಸತ್ತರು.

ಹಸಿವು ಎಲ್ಲರಿಗೂ ಇತ್ತು. ಆ ಬೇಸಿಗೆಯಲ್ಲಿ ಊರಿನ ದೊಡ್ಡವರಿಗೆ ದಿನದ ರೊಟ್ಟಿ 300 ಗ್ರಾಮಿನಷ್ಟು. ಪೈಲಟ್ಟು, ಏರ್‌ಮನ್ ಎನ್ನದೆ ಎಲ್ಲರನ್ನೂ 'ಮಾಲ್ಟಾ ಡಾಗ್' ಎಂಬ ಆಮಶಂಕೆ ಹಿಡಿದಿತ್ತು. ಹೊಟ್ಟೆ ಹಿಡಿದುಕೊಂಡೇ ಡಬ್ಬ ಎತ್ತಿದ್ದಾರೆ, ಹೊಟ್ಟೆ ಹಿಡಿದುಕೊಂಡೇ ಹಾರಿದ್ದಾರೆ. ರಬಾತಿನ ಚಹಾದಂಗಡಿಯಲ್ಲಿ ಬಟಾಣಿ ತುಂಬಿದ ಬಿಸಿ ಪಸ್ತಿಜ್ಜಿ ತಿನ್ನುವಾಗ ಇದು ನೆನಪಾಗಿ, ತಟ್ಟೆಯಲ್ಲಿ ಒಂದು ಚೂರೂ ಬಿಡಲಿಲ್ಲ.

ಮೊಸ್ತಾದ ಚರ್ಚಿನದು ದೊಡ್ಡ ಗುಮ್ಮಟ. ಏಪ್ರಿಲ್ 9ರ ಸಂಜೆ ಪೂಜೆಗೆ ಸುಮಾರು 300 ಜನ ಸೇರಿದ್ದಾಗ ಒಂದು ಬಾಂಬು ಗುಮ್ಮಟ ತೂತು ಮಾಡಿ ಒಳಗೆ ಬಿದ್ದು ಉರುಳಿತು. ಸಿಡಿಯಲಿಲ್ಲ. ಅದೇ ಬಗೆಯ ಬಾಂಬೊಂದನ್ನು ಪಕ್ಕದ ಕೋಣೆಯಲ್ಲಿ ಇಟ್ಟಿದ್ದಾರೆ. ಅಜ್ಜಿಯೊಬ್ಬರು ಅದರ ಮುಂದೆ ಶಿಲುಬೆಯ ಗುರುತು ಮಾಡಿಕೊಂಡು ಮುಂದೆ ನಡೆದರು. ಆ ಬಾಂಬು ಬಹುಶಃ ಎರಡು ಕಿಲೋಮೀಟರ್ ಆಚೆಯ ತಕಾಲಿಗೆಂದು ಹೊರಟದ್ದು. ವಾಯುನೆಲೆಯ ಪಕ್ಕ ಬಾಳುವವರ ಪಾಡು ಅದು. ಮಾಲ್ಟಾದಲ್ಲಿ ಸತ್ತ ನಾಗರಿಕರು ಸುಮಾರು 1,500.

ಐದನೇ ದಿನ

ಗಾಳಿ, ಮಳೆ. ತಂಗಿಯ ಮಗಳಿಗೆ ರಾತ್ರಿ ಪಾಳಿ ಮುಗಿದಿತ್ತು, ಮಲಗಿದಳು. ನಾನು ಅನ್ನ, ಸಾರು ಮಾಡಿದೆ. ಮಧ್ಯಾಹ್ನ ಒಬ್ಬನೇ ಸೇಂಟ್ ಎಲ್ಮೊ ಕೋಟೆಯ ಯುದ್ಧ ಸಂಗ್ರಹಾಲಯಕ್ಕೆ ಹೋದೆ. 1940ರ ಜೂನ್‌ನಲ್ಲಿ ಇಟಲಿಯ ಮೊದಲ ದಾಳಿಗಳನ್ನು ಎದುರಿಸಿದ ಗ್ಲಾಡಿಯೇಟರ್ ವಿಮಾನಗಳಲ್ಲಿ ಒಂದಾದ 'ಫೇತ್'ನ ಒಡಲು ಅಲ್ಲಿದೆ, ರೆಕ್ಕೆಗಳಿಲ್ಲದೆ. 1942ರ ಏಪ್ರಿಲ್ 15ರಂದು ಆರನೇ ಜಾರ್ಜ್ ದೊರೆ ಇಡೀ ದ್ವೀಪಕ್ಕೇ ಕೊಟ್ಟ ಜಾರ್ಜ್ ಕ್ರಾಸ್ ಶೌರ್ಯಪದಕ ಕೂಡ ಅಲ್ಲೇ ಇದೆ. ದೇಶದ ಬಾವುಟದ ಮೂಲೆಯಲ್ಲಿರುವುದು ಅದೇ.

ಆರನೇ ದಿನ, ಕಾಲ್ಕಾರಾ

ಬೆಳಗ್ಗೆ ಬಿಸಿಲು ಬಂತು. ದೋಣಿಯಲ್ಲಿ ಗ್ರ್ಯಾಂಡ್ ಹಾರ್ಬರ್ ದಾಟಿದೆವು. 1942ರ ಆಗಸ್ಟ್ 15ರಂದು 'ಒಹಾಯೊ' ಎಂಬ ಟ್ಯಾಂಕರ್ ಹಡಗು ಮುರಿದ ಬೆನ್ನಿನೊಂದಿಗೆ, ಎರಡು ಕಡೆ ಹಡಗುಗಳು ತೋಳು ಕೊಟ್ಟು ಹಿಡಿದುಕೊಂಡಂತೆ ಇದೇ ನೀರಿಗೆ ಬಂತು. ಅದರಲ್ಲಿದ್ದ ಇಂಧನವೇ ದ್ವೀಪವನ್ನು ಉಳಿಸಿತು. ಆ ಹೊತ್ತಿಗೆ ವಾಯುಪಡೆಯ ಹೊಸ ಮುಖ್ಯಸ್ಥ ಕೀತ್ ಪಾರ್ಕ್ ಬಂದಿದ್ದ. ದಾಳಿಯವರನ್ನು ದ್ವೀಪದ ಮೇಲೆ ಕಾಯುವ ಬದಲು ಉತ್ತರಕ್ಕೆ ಸಮುದ್ರದ ಮೇಲೇ ಹೋಗಿ ತಡೆಯುವುದು ಅವನ ಪದ್ಧತಿ. ಅದು ಸಾಧ್ಯವಾದದ್ದು ವಿಮಾನಗಳು ನಿಮಿಷಗಳಲ್ಲಿ ಸಿದ್ಧವಾಗಿ ಏಳುತ್ತಿದ್ದುದರಿಂದ. 249 ಮುಂದೆ ಮಾಲ್ಟಾದ್ದೇ ಆದ ಕ್ರೆಂದಿ ನೆಲೆಗೆ ಹೋಯಿತು, 1943ರಲ್ಲಿ ಇಟಲಿಗೆ.

ಕಾಲ್ಕಾರಾದ ದಿಬ್ಬದ ಮೇಲೆ ಕಪುಚ್ಚೀನಿ ನೌಕಾ ಸ್ಮಶಾನವಿದೆ. ಮಾಲ್ಟಾದಲ್ಲಿ ಮಣ್ಣು ಒಂದೆರಡು ಅಡಿ, ಕೆಳಗೆಲ್ಲ ಬಂಡೆ. ಸಮಾಧಿಯನ್ನು ಬಂಡೆಯಲ್ಲೇ ಕಡಿಯಬೇಕು. ಬಾಂಬಿನ ದಿನಗಳಲ್ಲಿ ಒಬ್ಬೊಬ್ಬರಿಗೆ ಒಂದೊಂದು ಕಡಿಯುವ ಶಕ್ತಿ ಯಾರಿಗಿತ್ತು? ಅದಕ್ಕೇ ಒಂದೇ ಗುಂಡಿಯಲ್ಲಿ ಇಬ್ಬರು, ಮೂವರು, ಇನ್ನೂ ಹೆಚ್ಚು. ಕಲ್ಲುಗಳು ನಿಂತಿಲ್ಲ, ನೆಲಕ್ಕೆ ಒರಗಿ ಮಲಗಿವೆ. ಒಂದೊಂದು ಕಲ್ಲಿನ ಮೇಲೂ ಹಲವು ಹೆಸರು, ಹೆಸರಿನ ಜೊತೆಗೆ ಹುದ್ದೆ.

ನಾನು ಹುದ್ದೆಗಳನ್ನೇ ಓದುತ್ತಾ ಹೋದೆ. ನಾವಿಕ, ತೋಪುಗಾರ, ಪೈಲಟ್ ಆಫೀಸರ್, ಸಾರ್ಜೆಂಟ್. ಮೂರನೇ ಸಾಲಿನಲ್ಲಿ ಏರ್‌ಕ್ರಾಫ್ಟ್‌ಮನ್. ಅದರ ಪಕ್ಕ ಲೀಡಿಂಗ್ ಏರ್‌ಕ್ರಾಫ್ಟ್‌ಮನ್. ನಮ್ಮ ವಾಯುಪಡೆಯಲ್ಲೂ ಅದೇ ಹುದ್ದೆ, ಅದೇ ಹೆಸರು. ಅದು ನನ್ನ ತೋಳಿಗೆ ಬಂದ ದಿನ ಊರಿಗೆ ಪತ್ರ ಬರೆದಿದ್ದೆ. ಕಲ್ಲಿನ ಮೇಲಿನ ವಯಸ್ಸು 22.

ಅದೇ ಕಲ್ಲಿನಲ್ಲಿ ಅವನ ಮೇಲೆ ಒಬ್ಬ ಸಾರ್ಜೆಂಟ್ ಪೈಲಟ್ಟಿನ ಹೆಸರೂ ಇತ್ತು. ಬದುಕಿದ್ದಾಗ ಒಬ್ಬರನ್ನೊಬ್ಬರು ಕಂಡಿದ್ದರೋ ಇಲ್ಲವೋ, ಈಗ ಒಂದೇ ಬಂಡೆಯಲ್ಲಿ ಮಲಗಿದ್ದಾರೆ. ನಿನ್ನೆಯ ಮಳೆಗೆ ಕೆಂಪು ಮಣ್ಣು ಕೆಳಗಿನ ಅಕ್ಷರಗಳ ಸಂದಿಯಲ್ಲಿ ಕೂತಿತ್ತು. ತಂಗಿಯ ಮಗಳು ಬಾಟಲಿಯಿಂದ ನೀರು ಹಾಕಿದಳು. ನಾನು ಕರವಸ್ತ್ರದ ತುದಿಯನ್ನು ಹುರಿಮಾಡಿ, ಕಾರ್ಬುರೇಟರಿನ ಜೆಟ್ ತೊಳೆಯುವ ಹಾಗೆ, ಒಂದೊಂದೇ ಅಕ್ಷರವನ್ನು ತೊಳೆದೆ. "ಮಾವ, ದೋಣಿಗೆ ಹೊತ್ತಾಯ್ತು" ಅಂದಳು. ಇನ್ನೊಂದು ಸಾಲು ಉಳಿದಿದೆ ಅಂದೆ. ಅವಳೂ ಪಕ್ಕದಲ್ಲಿ ಕುಕ್ಕರಿಸಿ ಕೂತು ನೀರು ಹಾಕುತ್ತಾ ಹೋದಳು.